ಆಫೀಸ್ ಕಂಪ್ಯೂಟರ್‌ಗೆ ಹೊಸ ವಿಂಡೋಸ್ ಹಾಕಿಸೋ ಮುಂಚೆ ಕ್ಯಾಲೆಂಡರ್ ನೋಡಿ

ಆಪರೇಟಿಂಗ್ ಸಿಸ್ಟಂ ಅಪ್‌ಗ್ರೇಡ್ ಮಾಡಲೇಬೇಡಿ ಅಂತ ಹೇಳೋಕೆ ಇದನ್ನ ಬರೀತಿಲ್ಲ. ಮಾಡಿ. ಆದರೆ ವಿಂಡೋಸ್‌ನಲ್ಲಿ ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಹೋದಮೇಲೆ, ಇಷ್ಟವಾಗದಿದ್ದರೆ ವಾಪಸ್ ಬರೋಕೆ ಸಾಮಾನ್ಯವಾಗಿ ಸಿಗೋದು 10 ದಿನ ಮಾತ್ರ. ನಿಮ್ಮ ಕೆಲಸದಲ್ಲಿ ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಮಾತ್ರ ಬರುವ ಭಾಗ ಏನಾದರೂ ಇದ್ದರೆ, ಅದು ಕೆಟ್ಟಿದೆ ಅಂತ ಗೊತ್ತಾಗೋ ಹೊತ್ತಿಗೆ ಆ 10 ದಿನ ಕಳೆದುಹೋಗಿರುತ್ತೆ. ನಮ್ಮಲ್ಲಿ ಆಗಿದ್ದು ಅದೇ. ಯಾರೂ ಇದನ್ನ ಮೊದಲೇ ಹೇಳೋದಿಲ್ಲವಾದ್ದರಿಂದ ವಿವರವಾಗಿ ಬರೀತಿದೀನಿ.

ನಮ್ಮದು ಸಣ್ಣ ಆಫೀಸು. ಬೇರೆ ಸಂಸ್ಥೆಗಳ ಲೆಕ್ಕಪತ್ರ, ಸಿಬ್ಬಂದಿ ಸಂಬಳದ ಪಟ್ಟಿ ಮಾಡಿಕೊಡೋದು ಕೆಲಸ. ಕಂಪ್ಯೂಟರ್‌ಗಳ ಉಸ್ತುವಾರಿ ಹೊರಗಿನವರಿಗೆ ಗುತ್ತಿಗೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತೆ ಅನ್ನೋದು ವರ್ಷಗಳಿಂದ ಗೊತ್ತಿದ್ದ ಸಂಗತಿ. ಆದರೂ ಗಡುವು ಹತ್ತಿರ ಬರೋವರೆಗೆ ಸುಮ್ಮನಿದ್ದ ಗುತ್ತಿಗೆಯವರು ಒಂದು ದಿನ ಇದ್ದಕ್ಕಿದ್ದಂತೆ ಫೋನ್ ಮಾಡಿ, "ನಿಮ್ಮ ಆಫೀಸಿಗೆ ವಿಂಡೋಸ್ 11 ಹಾಕೋದು ಈ ವಾರ ಮುಗಿಸಿಬಿಡ್ತೀವಿ ಮೇಡಂ" ಅಂದರು. ತಿಂಗಳ ಮಧ್ಯ ಅದು. ಸಂಬಳದ ಕೆಲಸ ಮುಗಿದಮೇಲೆ, ಮುಂದಿನ ತಿಂಗಳ ಮೊದಲ ವಾರ ಮಾಡಿ ಅಂತ ಕೇಳಿಕೊಂಡೆ. "ಏನೂ ಹೋಗಲ್ಲ ಮೇಡಂ. ನಿಮ್ಮ ಫೈಲ್‌ಗಳು, ಸಾಫ್ಟ್‌ವೇರ್ ಎಲ್ಲ ಇದ್ದ ಹಾಗೇ ಇರುತ್ತೆ. ಸಂಜೆ ಬಿಟ್ಟು ಹೋಗಿ, ಬೆಳಗ್ಗೆ ಬಂದು ಕೆಲಸ ಶುರು ಮಾಡಿ" ಅಂದರು. ಮಾಲೀಕರೂ ಒಪ್ಪಿಬಿಟ್ಟರು. ಫೈಲ್‌ಗಳು ಇದ್ದ ಹಾಗೇ ಇದ್ದವು ಅನ್ನೋ ಮಾತು ಮಾತ್ರ ಕೊನೆವರೆಗೂ ಸುಳ್ಳಾಗಲಿಲ್ಲ!

ಮಾರನೇ ದಿನ ಬೆಳಗ್ಗೆ ಒಂದು ಲ್ಯಾಪ್‌ಟಾಪ್ ತೆರೆಯಲೇ ಇಲ್ಲ. ನೀಲಿ ಪರದೆ, ಬಿಟ್‌ಲಾಕರ್ ರಿಕವರಿ ಕೀ ಹಾಕಿ ಅನ್ನೋ ಬೇಡಿಕೆ. ಬಿಟ್‌ಲಾಕರ್ ಅಂದರೆ ಡಿಸ್ಕಿನಲ್ಲಿರೋದನ್ನ ಬೇರೆಯವರು ಓದದ ಹಾಗೆ ವಿಂಡೋಸ್ ಹಾಕೋ ಬೀಗ. ಆ ಕೀ 48 ಅಂಕಿಗಳ ಸಂಖ್ಯೆ, ಬಾಯಲ್ಲಿ ನೆನಪಿಟ್ಟುಕೊಳ್ಳುವಂಥದ್ದಲ್ಲ. ಓಎಸ್ (ಆಪರೇಟಿಂಗ್ ಸಿಸ್ಟಂ) ಬದಲಾಯಿಸುವಾಗ ವಿಂಡೋಸ್ ತಾನೇ ಈ ಬೀಗವನ್ನ ಸ್ವಲ್ಪ ಹೊತ್ತು ಸಡಿಲಿಸಿಕೊಳ್ಳುತ್ತೆ. ಆದರೆ ಇವರು ಅದೇ ರಾತ್ರಿ ಬಯೋಸ್, ಅಂದರೆ ಕಂಪ್ಯೂಟರ್ ಆನ್ ಆದಾಗ ಮೊದಲು ಓಡೋ ಮೂಲ ಸಾಫ್ಟ್‌ವೇರ್ ಕೂಡ ಹೊಸದು ಮಾಡಿದ್ದರು. ಬಯೋಸ್ ಅಥವಾ ಟಿಪಿಎಂ (ಬೀಗದ ಕೀ ಕಾಯೋ ಭದ್ರತಾ ಚಿಪ್) ಬದಲಾದರೆ, ಯಾರೋ ಡಿಸ್ಕಿಗೆ ಕೈ ಹಾಕಿದ್ದಾರೆ ಅಂತ ಬಿಟ್‌ಲಾಕರ್ ಅನುಮಾನಪಡೋದು ಸಹಜ. ಮೊದಲು ಅದನ್ನ ಸಸ್ಪೆಂಡ್ ಮಾಡಿಟ್ಟುಕೊಂಡೇ ಬಯೋಸ್ ಮುಟ್ಟಬೇಕು. ಆ ಕೀ ಎಲ್ಲಿತ್ತು? ಲ್ಯಾಪ್‌ಟಾಪ್‌ಗೆ ಮೊಟ್ಟಮೊದಲು ಸೈನ್ ಇನ್ ಆಗಿದ್ದವರ ಮೈಕ್ರೋಸಾಫ್ಟ್ ಖಾತೆಯಲ್ಲಿ. ಅವರು ಕೆಲಸ ಬಿಟ್ಟು ಹೋಗಿ ಬಹಳ ಕಾಲವಾಗಿತ್ತು. ಪುಣ್ಯಕ್ಕೆ ಒಳ್ಳೆಯವರು, ಫೋನ್ ಎತ್ತಿದರು, ಹುಡುಕಿ ಕೀ ಕಳಿಸಿದರು. ಜಗಳ ಮಾಡಿಕೊಂಡು ಹೋದವರಾಗಿದ್ದರೆ ಆ ಡಿಸ್ಕಿನಲ್ಲಿದ್ದದ್ದೆಲ್ಲ ಅಲ್ಲೇ ಸಮಾಧಿ.

ಅದಾದಮೇಲೆ ಎಲ್ಲ ತಣ್ಣಗಾಯಿತು. ಪರದೆ ಚೆನ್ನಾಗಿ ಕಾಣ್ತಿತ್ತು, ಸ್ಟಾರ್ಟ್ ಬಟನ್ ನಡುಮಧ್ಯಕ್ಕೆ ಬಂದಿದ್ದಕ್ಕೆ ಒಬ್ಬರಿಬ್ಬರು ಗೊಣಗಿದರು, ಅಷ್ಟೇ. ಮೇಲ್, ಎಕ್ಸೆಲ್, ಬ್ರೌಸರ್, ಪ್ರಿಂಟರ್ ಎಲ್ಲ ಸರಿ. ಗುತ್ತಿಗೆಯವರು ಬಿಲ್ ಕೊಟ್ಟರು, ಹಣ ಪಾವತಿಯೂ ಆಯಿತು. ಮೋಸ ಹೋಗೋದು ಈ ಶಾಂತಿಯಿಂದಲೇ. ದಿನಾ ಮಾಡೋ ಕೆಲಸಗಳು ಲೋಕದ ಎಲ್ಲ ಆಫೀಸುಗಳಲ್ಲೂ ಒಂದೇ ಥರ, ಹಾಗಾಗಿ ಅವನ್ನ ಹೊಸ ಓಎಸ್ ಮಾಡುವವರು ಚೆನ್ನಾಗಿ ಪರೀಕ್ಷಿಸಿರುತ್ತಾರೆ. ನಿಮ್ಮಲ್ಲಿ ಮಾತ್ರ ಇರುವ ವಿಚಿತ್ರ ಕೆಲಸ, ಹಳೇ ಸಾಧನ, ಎಕ್ಸೆಲ್‌ನಲ್ಲಿ ಕೆಲಸ ತಾನಾಗೇ ಆಗೋಕೆ ಯಾರೋ ಎಂದೋ ಬರೆದಿಟ್ಟ ಮ್ಯಾಕ್ರೋ, ಇವನ್ನ ಪರೀಕ್ಷೆ ಮಾಡುವವರು ನೀವೊಬ್ಬರೇ.

ತಿಂಗಳ ಕೊನೆ ಬಂತು. ಸಂಬಳದ ಪಟ್ಟಿಗೆ ಡಿಜಿಟಲ್ ಸಹಿ ಹಾಕೋಕೆ ಯುಎಸ್‌ಬಿ ಟೋಕನ್ ಸಿಕ್ಕಿಸಿದರೆ ಅದರ ದೀಪವೇನೋ ಹತ್ತುತ್ತೆ, ಸಾಫ್ಟ್‌ವೇರ್‌ಗೆ ಟೋಕನ್ ಕಾಣಲ್ಲ. ಹಳೇ ಮಾಡೆಲ್. ಹೊಸ ಡ್ರೈವರ್ (ಸಾಧನವನ್ನ ವಿಂಡೋಸ್‌ಗೆ ಪರಿಚಯಿಸೋ ಸಾಫ್ಟ್‌ವೇರ್) ಅದಕ್ಕೆ ಬಂದಿಲ್ಲ, ಬರೋದೂ ಇಲ್ಲ ಅಂತ ತಯಾರಕರ ಸಹಾಯವಾಣಿಯಲ್ಲಿ ಹೇಳಿದರು. ಹೊಸ ಟೋಕನ್ ತಗೊಳ್ಳಬೇಕು, ಅದಕ್ಕೆ ಗುರುತಿನ ಪರಿಶೀಲನೆ ಮತ್ತೆ ಮೊದಲಿಂದ ಆಗಬೇಕು.

ಸರಿ, ಹೋದ ತಿಂಗಳ ಪಟ್ಟಿಗಳ ಜೊತೆ ತಾಳೆ ನೋಡೋದನ್ನಾದರೂ ಮುಗಿಸೋಣ ಅಂದುಕೊಂಡರೆ, ಅವು ಇರೋದು ಮೂಲೆಯಲ್ಲಿರೋ ನೆಟ್‌ವರ್ಕ್ ಸ್ಟೋರೇಜ್ ಡಬ್ಬದಲ್ಲಿ. ತಿಂಗಳಿಗೊಮ್ಮೆ ಮಾತ್ರ ತೆರೀತೀವಿ ಅದನ್ನ. ತೆರೆಯೋಕೆ ಹೋದರೆ, ನಿಮ್ಮ ಸಂಸ್ಥೆಯ ಭದ್ರತಾ ನೀತಿಯ ಪ್ರಕಾರ ಪಾಸ್‌ವರ್ಡ್ ಇಲ್ಲದ ಗೆಸ್ಟ್ ಪ್ರವೇಶಕ್ಕೆ ಅವಕಾಶವಿಲ್ಲ ಅನ್ನೋ ಅರ್ಥದ ಸಂದೇಶ. ನಮ್ಮ ಸಂಸ್ಥೆಗೆ ಭದ್ರತಾ ನೀತಿ ಅಂತ ಒಂದಿದೆ ಅನ್ನೋದೇ ನಮಗೆ ಅವತ್ತು ಗೊತ್ತಾಗಿದ್ದು! ಆಮೇಲೆ ಓದಿ ತಿಳಿದಿದ್ದು: ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ, ಆಫೀಸುಗಳು ಬಳಸೋ ಪ್ರೊ ಬಗೆಯಲ್ಲಿ, ಎರಡು ಬದಲಾವಣೆಗಳಿವೆ. ನೆಟ್‌ವರ್ಕ್‌ನಲ್ಲಿ ಫೈಲ್ ಹಂಚಿಕೊಳ್ಳುವಾಗ ಪ್ರತಿ ಸಂಪರ್ಕಕ್ಕೂ ಎಸ್‌ಎಂಬಿ ಸೈನಿಂಗ್ (ಬಂದ ಮಾಹಿತಿಯನ್ನ ದಾರಿಯಲ್ಲಿ ಯಾರೂ ತಿದ್ದಿಲ್ಲ ಅಂತ ಖಾತ್ರಿ ಮಾಡೋ ಗುರುತು) ಇರಲೇಬೇಕು, ಮತ್ತು ಗೆಸ್ಟ್ ಆಗಿ ಒಳಹೋಗೋ ದಾರಿ ತಾನಾಗೇ ಮುಚ್ಚಿರುತ್ತೆ. ಹಳೇ ಡಬ್ಬಗಳು ಎಷ್ಟೋ ನಡೀತಿದ್ದದ್ದೇ ಗೆಸ್ಟ್ ದಾರಿಯಲ್ಲಿ. ಬದಲಾವಣೆ ಸರಿಯಾದದ್ದೇ, ಅದನ್ನ ಬಯ್ಯೋಕೆ ನನಗೆ ಮನಸ್ಸಿಲ್ಲ. ಇದೆಲ್ಲ ಪ್ರಕಟಿತ ವಿಷಯ, ಗುಟ್ಟೇನಲ್ಲ. ಓಎಸ್ ಹಾಕೋದೇ ಕಸುಬಾಗಿರುವವರು ಅದನ್ನ ಓದಿ, "ನಿಮ್ಮಲ್ಲಿ ಹಳೇ ಸ್ಟೋರೇಜ್ ಏನಾದರೂ ಇದೆಯಾ ಮೇಡಂ" ಅಂತ ಒಂದು ಮಾತು ಕೇಳಬೇಕಿತ್ತು.

ಅವರು ಮಾಡಿದ ರಿಪೇರಿ ಇನ್ನೂ ಚೆನ್ನಾಗಿದೆ. ದೂರದಿಂದಲೇ ಕಂಪ್ಯೂಟರ್ ಒಳಗೆ ಬಂದು ಸೈನಿಂಗ್ ಕಡ್ಡಾಯವನ್ನ ತೆಗೆದರು, ಗೆಸ್ಟ್ ಪ್ರವೇಶ ತೆರೆದರು. ಭದ್ರತೆಗಾಗಿ ಅಂತ ಅಪ್‌ಗ್ರೇಡ್ ಮಾಡಿ, ಅದು ಕೊಟ್ಟ ಭದ್ರತೆಯನ್ನೇ ಆಫ್ ಮಾಡಿ ಹೋದರು. ಆ ಡಬ್ಬಕ್ಕೆ ಒಂದು ಯೂಸರ್, ಪಾಸ್‌ವರ್ಡ್ ಮಾಡಿ, ಅದರ ಸಾಫ್ಟ್‌ವೇರ್ ಹೊಸದು ಮಾಡಿದ್ದರೆ ಮುಗೀತಿತ್ತು. ಕೊನೆಗೆ ನಾವೇ ಅದನ್ನ ಮಾಡಿಕೊಂಡೆವು.

ಟೋಕನ್‌ಗೆ ಮಾತ್ರ ದಾರಿ ಇರಲಿಲ್ಲ. ಹಳೇ ವಿಂಡೋಸ್‌ಗೆ ವಾಪಸ್ ಹೋಗೋಣ ಅಂತ ಸೆಟ್ಟಿಂಗ್ಸ್‌ನ ರಿಕವರಿ ಪುಟಕ್ಕೆ ಹೋದರೆ 'ಗೋ ಬ್ಯಾಕ್' ಬಟನ್ ಒತ್ತೋಕೆ ಬರ್ತಿಲ್ಲ. ಅಪ್‌ಗ್ರೇಡ್ ಆದಾಗ ಹಳೇ ಓಎಸ್ ಸಿ ಡ್ರೈವ್‌ನಲ್ಲಿ 'ವಿಂಡೋಸ್ ಡಾಟ್ ಓಲ್ಡ್' ಅನ್ನೋ ಫೋಲ್ಡರ್‌ನಲ್ಲಿ ಕೂತಿರುತ್ತೆ. ಅವಧಿ ಮುಗಿದಮೇಲೆ ವಿಂಡೋಸ್ ತಾನೇ ಅದನ್ನ ಅಳಿಸಿ ಜಾಗ ತೆರವು ಮಾಡಿಕೊಳ್ಳುತ್ತೆ. ಫೋಲ್ಡರ್ ಹೋಯಿತೋ, ವಾಪಸ್ ಹೋಗೋ ದಾರಿಯೂ ಹೋಯಿತು. ಉಳಿದದ್ದು ಒಂದೇ ಉಪಾಯ: ಒಂದು ಯಂತ್ರವನ್ನ ಪೂರ್ತಿ ಒರೆಸಿ ವಿಂಡೋಸ್ 10 ಹೊಸದಾಗಿ ಹಾಕೋದು. ಸಂಬಳದ ಸಾಫ್ಟ್‌ವೇರ್ ಮತ್ತೆ ಹಾಕೋದು, ಅದರ ಲೈಸೆನ್ಸ್ ಹಳೇ ನೋಂದಣಿಯಿಂದ ಬಿಡಿಸಿ ಹೊಸದಕ್ಕೆ ಕಟ್ಟಿಸೋದು, ಡೇಟಾ ತುಂಬೋದು. ಅಷ್ಟರಲ್ಲಿ ಸಂಬಳದ ದಿನ ದಾಟಿತು. ಫೋನ್ ಮಾಡಿದವರು ನಮ್ಮ ಗ್ರಾಹಕ ಸಂಸ್ಥೆಗಳ ಮಾಲೀಕರಲ್ಲ, ಅಲ್ಲಿ ದುಡಿಯೋ ಜನ. ಮನೆ ಬಾಡಿಗೆ ಕಟ್ಟಬೇಕು ಮೇಡಂ, ಯಾವಾಗ ಬರುತ್ತೆ ಅಂತ ಕೇಳುವವರಿಗೆ ಡ್ರೈವರ್, ಟೋಕನ್ ಅಂತ ಏನು ವಿವರಿಸೋದು? ಗುತ್ತಿಗೆಯವರ ಉತ್ತರ ಒಂದೇ: "ಆವತ್ತೇ ಹೇಳಿದ್ದರೆ ಹತ್ತು ನಿಮಿಷದಲ್ಲಿ ವಾಪಸ್ ಮಾಡಿಕೊಡ್ತಿದ್ವಿ."

ಆವತ್ತು ಹೇಳೋಕೆ ಏನೂ ಕೆಟ್ಟಿರಲಿಲ್ಲವಲ್ಲ!

ಇನ್ನೊಂದು ಸಂಗತಿ ಆಮೇಲೆ ತಿಳೀತು. ನಮ್ಮ ಯಂತ್ರಗಳಲ್ಲಿ ಒಂದಕ್ಕೆ ವಿಂಡೋಸ್ ಅಪ್‌ಡೇಟ್ ಮೂಲಕ 24ಎಚ್2ಗೆ ಆಹ್ವಾನವೇ ಬಂದಿರಲಿಲ್ಲ, ಇವರು ಪೆನ್‌ಡ್ರೈವ್‌ನಿಂದ ಬಲವಂತವಾಗಿ ಹಾಕಿದ್ದರು. ಯಾವುದಾದರೂ ಡ್ರೈವರ್ ಅಥವಾ ಸಾಫ್ಟ್‌ವೇರ್ ಜೊತೆ ತೊಂದರೆ ಇದೆ ಅಂತ ಗೊತ್ತಾದಾಗ, ಅಂಥ ಕಂಪ್ಯೂಟರ್‌ಗಳಿಗೆ ಅಪ್‌ಗ್ರೇಡ್ ಕೊಡದೆ ತಡೆಹಿಡಿಯುವ ಪದ್ಧತಿ ಮೈಕ್ರೋಸಾಫ್ಟ್‌ನಲ್ಲಿದೆ, ಅದಕ್ಕೆ ಸೇಫ್‌ಗಾರ್ಡ್ ಹೋಲ್ಡ್ ಅಂತಾರೆ. ಪಕ್ಕದ ಯಂತ್ರಕ್ಕೆ ಬಂದಿದೆ, ನಿಮ್ಮದಕ್ಕೆ ಬಂದಿಲ್ಲ ಅಂದರೆ ಅದಕ್ಕೊಂದು ಕಾರಣ ಇರಬಹುದು. ಕಾರಣ ಏನು ಅಂತ ನೋಡದೆ ಪೆನ್‌ಡ್ರೈವ್ ಹಿಡಿದು ಬರುವವರನ್ನ ಬಾಗಿಲಲ್ಲೇ ನಿಲ್ಲಿಸಿ.

ಹೊಸದು ಬಂದ ದಿನವೇ ಹಾಕಿಕೊಳ್ಳಬಾರದು ಅನ್ನೋಕೆ ಹಳೇ ಉದಾಹರಣೆಗಳೂ ಇವೆ. 2018ರ ಅಕ್ಟೋಬರ್ 2ರಂದು ಬಿಟ್ಟ ವಿಂಡೋಸ್ 10ರ 1809 ಆವೃತ್ತಿ ಕೆಲವರ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳನ್ನೇ ಅಳಿಸಿಹಾಕಿತು. ಕೆಲವೇ ದಿನಗಳಲ್ಲಿ ಅದನ್ನ ನಿಲ್ಲಿಸಿ, ಸರಿಮಾಡಿ ಮತ್ತೆ ಬಿಟ್ಟಿದ್ದು ನವೆಂಬರ್ 13ಕ್ಕೆ. ತೊಂದರೆಯಾದವರ ಪ್ರಮಾಣ ತೀರಾ ಸಣ್ಣದು ಅಂತ ಕಂಪನಿ ಹೇಳಿತು, ಇರಬಹುದು. ಫೈಲ್ ಕಳಕೊಂಡವರಿಗೆ ಆ ಲೆಕ್ಕದಿಂದ ಏನೂ ಸಿಗಲಿಲ್ಲ. ಮ್ಯಾಕ್ ಇರುವವರು ನಗಬೇಡಿ. 2019ರ ಅಕ್ಟೋಬರ್‌ನಲ್ಲಿ ಬಂದ ಮ್ಯಾಕ್ ಆವೃತ್ತಿ ಕ್ಯಾಟಲಿನಾದಲ್ಲಿ ಹಳೇ ಬಗೆಯ 32 ಬಿಟ್‌ನ ಅಪ್ಲಿಕೇಶನ್‌ಗಳು ಒಂದೂ ತೆರೆಯಲಿಲ್ಲ, ಅದನ್ನ ವಿನ್ಯಾಸ ಮಾಡಿದ್ದೇ ಹಾಗೆ. ಮ್ಯಾಕ್‌ನಲ್ಲಿ 10 ದಿನದ ಆ ಬಟನ್ ಕೂಡ ಇಲ್ಲ; ಹಳೆಯದಕ್ಕೆ ಹೋಗಬೇಕಂದರೆ ಡಿಸ್ಕ್ ಒರೆಸಬೇಕು, ಬ್ಯಾಕಪ್‌ನಿಂದ ತುಂಬಬೇಕು. ಈ ವಿಷಯದಲ್ಲಿ ನನಗೆ ಮೆಚ್ಚುಗೆಯಾದದ್ದು ಲಿನಕ್ಸ್ ಬಗೆಯ ಓಎಸ್ ಉಬುಂಟು. ಹಳೇ ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಇರೋ ಆವೃತ್ತಿ) ಬಳಸುವವರಿಗೆ ಹೊಸ ಎಲ್‌ಟಿಎಸ್ ಬಂದ ತಕ್ಷಣ ಅದು ಕರೆಯೋದಿಲ್ಲ, ಮೊದಲ ತಿದ್ದುಪಡಿ ಆವೃತ್ತಿ ಬರೋವರೆಗೆ ಕಾಯುತ್ತೆ. 24.04 ಬಂದಿದ್ದು 2024ರ ಏಪ್ರಿಲ್‌ನಲ್ಲಿ, 24.04.1 ಬಂದಿದ್ದು ಆಗಸ್ಟ್ ಕೊನೆಗೆ.

ಹಾಗಂತ ಕಾಯ್ತಾನೇ ಇರೋದೂ ಅಪಾಯ. ಇಲ್ಲಿ ಜನ ಭದ್ರತಾ ಪ್ಯಾಚ್, ಆವೃತ್ತಿ ಬದಲಾವಣೆ ಅನ್ನೋ ಎರಡು ಬೇರೆ ವಿಷಯಗಳನ್ನ ಕಲಸಿಬಿಡ್ತಾರೆ. ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳಿದ ವಾನಾಕ್ರೈ ದಾಳಿ ನೆನಪಿರಬಹುದು, 2017ರ ಮೇ 12. ಅದು ಬಳಸಿಕೊಂಡ ತೂತನ್ನ ಮುಚ್ಚೋ ಪ್ಯಾಚ್ ಮಾರ್ಚ್ 14ಕ್ಕೇ ಬಂದಿತ್ತು. ಸೋಂಕು ತಗುಲಿದ ಬಹುಪಾಲು ಯಂತ್ರಗಳು ವಿಂಡೋಸ್ 7, ಅಂದರೆ ಆಗಿನ್ನೂ ಬೆಂಬಲ ಇದ್ದ ಓಎಸ್. ಅವರು ಹೊಸ ಆವೃತ್ತಿಗೆ ಹೋಗಬೇಕಿರಲಿಲ್ಲ, ಆ ತಿಂಗಳ ಪ್ಯಾಚ್ ಹಾಕಿಕೊಂಡಿದ್ದರೆ ಸಾಕಿತ್ತು. ಪ್ರತಿ ತಿಂಗಳ ಎರಡನೇ ಮಂಗಳವಾರ ಬರೋ ಭದ್ರತಾ ಪ್ಯಾಚನ್ನ ತಡಮಾಡಬೇಡಿ. ಆವೃತ್ತಿ ಬದಲಾವಣೆಯನ್ನ ನಿಮ್ಮ ಅನುಕೂಲದ ವಾರಕ್ಕೆ ಇಟ್ಟುಕೊಳ್ಳಿ. ವಿಂಡೋಸ್ ಪ್ರೊದಲ್ಲಿ ಯಾವ ಆವೃತ್ತಿಯಲ್ಲಿ ನಿಲ್ಲಬೇಕು ಅಂತ ಗ್ರೂಪ್ ಪಾಲಿಸಿ ಅನ್ನೋ ಸೆಟ್ಟಿಂಗ್‌ನಲ್ಲಿ ಹೇಳಿಡಬಹುದು, ಪ್ಯಾಚ್‌ಗಳು ಬರ್ತಾನೇ ಇರುತ್ತವೆ. ಅಪ್‌ಡೇಟ್ ತಡೆಯೋ 'ಪಾಜ್' ಬಟನ್ ಒತ್ತಿದರೆ 5 ವಾರದವರೆಗೆ ಎರಡೂ ನಿಲ್ಲುತ್ತವೆ, ಹಾಗಾಗಿ ಅದು ಇದಕ್ಕೆ ಸರಿಯಾದ ಔಷಧ ಅಲ್ಲ.

ಬೆಂಬಲವೇ ಮುಗಿದಿರೋ ವಿಂಡೋಸ್ 10ರ ಮಾತು ಬೇರೆ. ಅದು ಪ್ಯಾಚ್ ಇಲ್ಲದೆ ಇಂಟರ್ನೆಟ್‌ನಲ್ಲಿ ಇರಬಾರದು. ನಮ್ಮ ಆ ಒಂದು ಯಂತ್ರವನ್ನೂ ಹೊಸ ಟೋಕನ್ ಕೈಗೆ ಬಂದ ಮೇಲೆ ಬದಲಾಯಿಸಿದೆವು, ಈ ಸಲ ಸಂಬಳದ ದಿನ ಕಳೆದ ಮರುದಿನ. ಅದಕ್ಕೂ ಮುಂಚೆ ಮಾಡಿದ್ದು ಇಷ್ಟು. ವರ್ಷಪೂರ್ತಿ ಮಾಡೋ ಕೆಲಸಗಳಲ್ಲಿ ಅಪರೂಪದವು ಯಾವುವು ಅಂತ ಒಂದು ಹಾಳೆಯಲ್ಲಿ ಬರೆದೆವು: ಸಹಿ, ತ್ರೈಮಾಸಿಕ ವರದಿ, ವರ್ಷಾಂತ್ಯದ ಲೆಕ್ಕ ಮುಕ್ತಾಯ, ಹಳೇ ಸ್ಕ್ಯಾನರ್. ಇಡೀ ಡಿಸ್ಕಿನ ಇಮೇಜ್ (ಪೂರ್ತಿ ನಕಲು) ಹೊರಗಿನ ಡ್ರೈವ್‌ಗೆ ತೆಗೆದು, ಅದು ತೆರೆಯುತ್ತಾ ಅಂತಲೂ ನೋಡಿದೆವು. ಎಲ್ಲ ಯಂತ್ರಗಳ ಬಿಟ್‌ಲಾಕರ್ ಕೀ ಕಾಗದದಲ್ಲಿ ಪ್ರಿಂಟ್ ಮಾಡಿ ಬೀರುವಿಗೆ ಹೋಯಿತು. ಅಪ್‌ಗ್ರೇಡ್ ಆದ ಮಾರನೇ ದಿನವೇ ಹಳೇ ತಿಂಗಳ ಡೇಟಾದ ನಕಲು ಇಟ್ಟುಕೊಂಡು ಒಂದು ಸುಳ್ಳು ತಿಂಗಳ ಕೊನೆ ನಡೆಸಿದೆವು, ಪಟ್ಟಿಯಿಂದ ಸಹಿವರೆಗೆ. ಹುಡುಗರಿಗೆ ನಗು ಬಂತು. ಸ್ಕ್ಯಾನರ್ ಕೈಕೊಟ್ಟಿದ್ದು ಗೊತ್ತಾಗಿದ್ದು ಆಗಲೇ. ವಾಪಸ್ ಹೋಗೋಕೆ ಸಮಯ ಇತ್ತಾದ್ದರಿಂದ ಯಾರೂ ಗಾಬರಿಯಾಗಲಿಲ್ಲ.

ಈಗಾಗಲೇ ನಿಮ್ಮ ಆಫೀಸಿನಲ್ಲಿ ಅಪ್‌ಗ್ರೇಡ್ ಆಗಿದೆ, ಇನ್ನೂ 10 ದಿನ ಆಗಿಲ್ಲ ಅಂದರೆ ಇವತ್ತೇ ಒಂದು ಕೆಲಸ ಮಾಡಿಸಿ. ಆ ಅವಧಿಯನ್ನ 60 ದಿನದವರೆಗೆ ವಿಸ್ತರಿಸೋಕೆ ವಿಂಡೋಸ್‌ನಲ್ಲೇ ಡಿಸ್ಮ್ ಅನ್ನೋ ಸಲಕರಣೆ ಇದೆ. ಅಡ್ಮಿನ್ ಆಗಿ ತೆರೆದ ಕಮ್ಯಾಂಡ್ ಪ್ರಾಂಪ್ಟ್‌ನಲ್ಲಿ 'ಸೆಟ್ ಓಎಸ್ ಅನ್‌ಇನ್‌ಸ್ಟಾಲ್ ವಿಂಡೋ' ಅನ್ನೋ ಆಯ್ಕೆಗೆ 60 ಅಂತ ಕೊಡಬೇಕು. ನಿಮ್ಮ ಕಂಪ್ಯೂಟರ್ ನೋಡಿಕೊಳ್ಳುವವರಿಗೆ ಇಷ್ಟು ಹೇಳಿದರೆ ಅರ್ಥವಾಗುತ್ತೆ. ಅವಧಿ ಮುಗಿದಮೇಲೆ ಈ ಕಮ್ಯಾಂಡ್‌ನಿಂದ ಏನೂ ಪ್ರಯೋಜನ ಇಲ್ಲ. ಸಿ ಡ್ರೈವ್ ತುಂಬಿದೆ ಅಂತ ಯಾರೂ ಡಿಸ್ಕ್ ಕ್ಲೀನಪ್‌ನಲ್ಲಿ 'ಹಿಂದಿನ ವಿಂಡೋಸ್ ಫೈಲ್‌ಗಳು' ಅನ್ನೋದಕ್ಕೆ ಟಿಕ್ ಹಾಕದ ಹಾಗೆ ನೋಡಿಕೊಳ್ಳಿ. ವಾಪಸ್ ಹೋಗೋದಾದರೆ, ಅಪ್‌ಗ್ರೇಡ್ ಆದಮೇಲೆ ಹಾಕಿಕೊಂಡ ಸಾಫ್ಟ್‌ವೇರ್‌ಗಳು ಹೋಗಿಬಿಡುತ್ತವೆ, ಅವನ್ನ ಗುರುತು ಹಾಕಿಟ್ಟುಕೊಳ್ಳಿ.