ಕಚೇರಿಗೆ ಬರುವ ಕರೆ ಸರಿಯಾದವರಿಗೆ ತಲುಪಲು: ಇಪಿಎಬಿಎಕ್ಸ್, ಸಿಪ್ ಟ್ರಂಕ್, ಕ್ಲೌಡ್ ಬಳಸಿ ಕಂಡ ಹೋಲಿಕೆ

ಹುಬ್ಬಳ್ಳಿಯಲ್ಲಿ ನೀರಾವರಿ ಪಂಪ್‌ಸೆಟ್‌ಗಳನ್ನು ಮಾರುವ ಮತ್ತು ದುರಸ್ತಿ ಮಾಡುವ ನಮ್ಮ ಸಂಸ್ಥೆಯಲ್ಲಿ ಮಾರಾಟ, ಸರ್ವಿಸ್, ಲೆಕ್ಕಪತ್ರ ಎಂಬ ವಿಭಾಗಗಳಿವೆ. ಬೇಸಿಗೆಯಲ್ಲಿ ಮೋಟಾರು ಸುಟ್ಟುಹೋದ ರೈತರ ಕರೆಗಳು ಬೆಳಗಿನಿಂದಲೇ ಬರತೊಡಗುತ್ತವೆ. ಬೆಳೆ ಒಣಗುತ್ತಿರುವಾಗ ಬಂದ ಅಂಥ ಕರೆಯನ್ನು ಯಾರೂ ಎತ್ತದೇ ಹೋದರೆ ಆಗುವ ನಷ್ಟ ನಮಗಿಂತ ರೈತರಿಗೇ ಹೆಚ್ಚು. ಆದ್ದರಿಂದ ಮೂರು ಬಗೆಯ ದೂರವಾಣಿ ವ್ಯವಸ್ಥೆಗಳನ್ನು ಒಂದಾದ ಮೇಲೊಂದರಂತೆ ಬಳಸಿದಾಗ ನಾನು ನೋಡಿದ್ದು ಇಷ್ಟೇ: ಸಂಖ್ಯೆ ಯಾವ ಕೆಲಸಕ್ಕೆ ಸೇರಿದ್ದೋ ಆ ಕೆಲಸದವರಿಗೆ ಕರೆ ನೇರವಾಗಿ ಹೋಗುತ್ತದೆಯೇ, ಅವರು ಸಿಗದಿದ್ದರೆ ಆ ಕರೆಯ ಗುರುತು ಉಳಿಯುತ್ತದೆಯೇ?

ಹೊರಗಿನ ಲೈನ್‌ಗಳನ್ನು ಕಚೇರಿಯೊಳಗಿನ ಫೋನ್‌ಗಳಿಗೆ ಜೋಡಿಸುವ ಹಳೆಯ ಪೆಟ್ಟಿಗೆಯಾದ ಇಪಿಎಬಿಎಕ್ಸ್‌ನಲ್ಲಿ ಇವೆರಡೂ ಆಗುತ್ತಿರಲಿಲ್ಲ. ತಾಮ್ರದ ತಂತಿಯ ಲ್ಯಾಂಡ್‌ಲೈನ್‌ಗಳಿಗೆ ಹಂಟಿಂಗ್ ಹಾಕಿಸಿದ್ದೆವು. ಮೊದಲ ಲೈನ್ ಬಿಡುವಿಲ್ಲದಿದ್ದರೆ ಕರೆ ಮುಂದಿನ ಲೈನಿಗೆ ಹಾಯುತ್ತಿತ್ತು. ಆದರೆ ಅಲ್ಲಿ ಸಂಖ್ಯೆ ತಂತಿಯದೇ ಹೊರತು ವಿಭಾಗದ್ದಲ್ಲ. ಎಲ್ಲ ಕರೆಗಳೂ ಆಪರೇಟರ್ ಮೇಜಿಗೇ ಬಂದು, ಅವರು ವಿಚಾರಿಸಿ ಎಕ್ಸ್‌ಟೆನ್ಷನ್‌ಗೆ ಕೊಡಬೇಕಿತ್ತು. ಲೈನ್‌ಗಳೆಲ್ಲ ತುಂಬಿದ್ದಾಗ ರೈತರಿಗೆ ಬ್ಯುಸಿ ಟೋನ್ ಕೇಳುತ್ತಿತ್ತು, ನಮಗೆ ಅದರ ಸುಳಿವೂ ಇರುತ್ತಿರಲಿಲ್ಲ. ವಿದ್ಯುತ್ ಪೂರ್ತಿ ಹೋದರೂ ಒಂದು ಲೈನ್ ನಿಗದಿತ ಫೋನಿಗೆ ನೇರವಾಗಿ ಜೋಡಣೆಯಾಗುತ್ತಿದ್ದ ಸೌಲಭ್ಯವನ್ನು ಮಾತ್ರ ಇಂದಿಗೂ ಮೆಚ್ಚುತ್ತೇನೆ.

ಹಲವು ಕರೆಗಳನ್ನು ಒಂದೇ ಡೇಟಾ ಸಂಪರ್ಕದಲ್ಲಿ ತರುವ ಸಿಪ್ ಟ್ರಂಕ್ ತೆಗೆದುಕೊಂಡು, ಕರೆಗಳನ್ನು ಹಂಚುವ, ಆಸ್ಟರಿಸ್ಕ್ ಆಧಾರಿತ ಫ್ರೀಪಿಬಿಎಕ್ಸ್ ತಂತ್ರಾಂಶವನ್ನು ನಮ್ಮದೇ ಕಂಪ್ಯೂಟರಿನಲ್ಲಿ ನಡೆಸತೊಡಗಿದ ಮೇಲೆ ಚಿತ್ರವೇ ಬದಲಾಯಿತು. ಹೊರಗಿನವರು ನೇರವಾಗಿ ಡಯಲ್ ಮಾಡಬಹುದಾದ, ಸಾಲಾಗಿ ಸಿಕ್ಕ ಡಿಐಡಿ ಸಂಖ್ಯೆಗಳಲ್ಲಿ ವಿಭಾಗಕ್ಕೊಂದನ್ನು ಹಂಚಿದೆವು. ಇಲ್ಲಿ ಸಂಖ್ಯೆಗಳೇ ಬೇರೆ, ಚಾನೆಲ್‌ಗಳೇ ಬೇರೆ ಎಂಬುದನ್ನು ಖರೀದಿಸುವವರು ಮೊದಲು ತಿಳಿಯಬೇಕು. ಹತ್ತು ಸಂಖ್ಯೆಗಳಿದ್ದರೂ ನಾಲ್ಕೇ ಚಾನೆಲ್ ಪಡೆದಿದ್ದರೆ ಏಕಕಾಲಕ್ಕೆ ನಾಲ್ಕು ಕರೆಗಳಷ್ಟೇ ನಡೆಯುತ್ತವೆ.

ಇನ್ನೊಂದು ಸೂಕ್ಷ್ಮವಿದೆ. ಬರುವ ಕರೆಯೊಂದಿಗೆ ಯಾವ ಸಂಖ್ಯೆಗೆ ಡಯಲ್ ಮಾಡಲಾಗಿದೆ ಎಂಬ ಮಾಹಿತಿಯೂ ಬರುತ್ತದೆ, ಆದರೆ ದೂರವಾಣಿ ಕಂಪನಿಗಳೆಲ್ಲ ಅದನ್ನು ಒಂದೇ ರೂಪದಲ್ಲಿ ಕಳಿಸುವುದಿಲ್ಲ. ಒಂದು ಕಡೆಯಿಂದ ಹುಬ್ಬಳ್ಳಿಯ ಕೋಡ್ 0836 ಸೇರಿಸಿ ಬಂದರೆ ಇನ್ನೊಂದು ಕಡೆಯಿಂದ ದೇಶದ ಕೋಡ್ ಸೇರಿ 91836 ಎಂದು ಬರುತ್ತದೆ, ಕೆಲವೆಡೆ ಕೊನೆಯ ಅಂಕಿಗಳಷ್ಟೇ ಬರುತ್ತವೆ. ಬಂದ ಕರೆ ಎಲ್ಲಿಗೆ ಹೋಗಬೇಕೆಂದು ಹೇಳುವ ಇನ್‌ಬೌಂಡ್ ರೂಟ್‌ನಲ್ಲಿ ನಾವು ಬರೆದದ್ದು ಅದಕ್ಕೆ ಅಂಕಿಗೆ ಅಂಕಿ ಹೊಂದದಿದ್ದರೆ ಕರೆ ಆ ದಾರಿ ಹಿಡಿಯುವುದೇ ಇಲ್ಲ. ಹೀಗಾಗಿ ಮೊಬೈಲ್‌ನಿಂದ ಒಂದು ಕರೆ ಮಾಡಿ, ತಂತ್ರಾಂಶದ ದಾಖಲೆಯಾದ ಲಾಗ್‌ನಲ್ಲಿ ಕಂಡ ರೂಪವನ್ನೇ ರೂಟ್‌ಗೆ ಬರೆಯುವುದು ಮತ್ತು ಯಾವ ರೂಟ್‌ಗೂ ಹೊಂದದ ಕರೆ ಆಪರೇಟರ್‌ಗೆ ಹೋಗುವಂತೆ ಕೊನೆಯಲ್ಲೊಂದು ಸಾಮಾನ್ಯ ರೂಟ್ ಇಡುವುದು ಕ್ಷೇಮ.

ಸರ್ವಿಸ್ ಸಂಖ್ಯೆಗೆ ಬಂದ ಕರೆ ಈಗ ಆ ವಿಭಾಗದ ಫೋನ್‌ಗಳಲ್ಲಿ ಒಟ್ಟಿಗೆ ರಿಂಗಾಗುತ್ತದೆ. ಇಪ್ಪತ್ತು ಸೆಕೆಂಡಿನೊಳಗೆ ಯಾರೂ ಎತ್ತದಿದ್ದರೆ ಮೇಲ್ವಿಚಾರಕರ ಫೋನಿಗೆ ಹೋಗುತ್ತದೆ, ಅಲ್ಲಿಯೂ ತಪ್ಪಿದರೆ ವರದಿಯಲ್ಲಿ ಉಳಿಯುತ್ತದೆ. ಸ್ಥಿರ ದೂರವಾಣಿಯಿಂದ ಮೊಬೈಲ್‌ಗೆ ಕರೆ ಮಾಡುವಾಗ ಮೊದಲು ಸೊನ್ನೆ ಒತ್ತಬೇಕೆಂಬ ನಿಯಮ 2021ರ ಜನವರಿ 15ರಿಂದ ಬಂದಿದೆಯಷ್ಟೆ; ಇಲ್ಲಿ ಹೊರಹೋಗುವ ಕರೆಗಳ ದಾರಿ ಹೇಳುವ ಔಟ್‌ಬೌಂಡ್ ರೂಟ್‌ನ ಒಂದು ಸಾಲು ಆ ಸೊನ್ನೆಯನ್ನು ತಾನೇ ಸೇರಿಸುತ್ತದೆ. ಆದರೆ ಈ ವ್ಯವಸ್ಥೆಗೆ ಯುಪಿಎಸ್ ಬೇಕು, ಬ್ಯಾಕಪ್ ಬೇಕು, ಎಲ್ಲಕ್ಕಿಂತ ಮಿಗಿಲಾಗಿ ಅದನ್ನು ಬಲ್ಲ ಒಬ್ಬರು ಕಚೇರಿಯಲ್ಲಿರಬೇಕು.

ಕರೆ ಹಂಚುವ ಕೆಲಸ ಸೇವೆ ಕೊಡುವ ಕಂಪನಿಯ ಸರ್ವರ್‌ಗಳಲ್ಲೇ ನಡೆಯುವ ಕ್ಲೌಡ್ ಸೇವೆಯಲ್ಲಿ ಯಂತ್ರದ ಗೊಡವೆಯೇ ಇಲ್ಲ. ಯಾವುದೇ ಒಂದು ಫೋನಿಗೆ ಅಂಟಿರದ ವರ್ಚುವಲ್ ಸಂಖ್ಯೆಗೆ ಬಂದ ಕರೆ ನವಲಗುಂದದಲ್ಲೋ ಕುಂದಗೋಳದಲ್ಲೋ ಹೊಲದ ಬದುವಿನ ಮೇಲಿರುವ ಮೆಕ್ಯಾನಿಕ್‌ನ ಮೊಬೈಲ್‌ಗೇ ತಲುಪುತ್ತದೆ. ಹಿಂದೆ ಆ ರೈತರ ಪಂಪ್ ನೋಡಿದವರಿಗೇ ಮತ್ತೆ ಕರೆ ಹೋಗುವಂತೆಯೂ ಮಾಡಬಹುದು. ಈ ಗುಣದಲ್ಲಿ ಉಳಿದೆರಡು ಇದರ ಸಮಕ್ಕೆ ಬಾರವು. ಆದರೆ ನಾವು ಪಡೆದ ಸೇವೆಯಲ್ಲಿ ಮೆಕ್ಯಾನಿಕ್‌ನ ಮೊಬೈಲ್ ಮೇಲೆ ರೈತರ ಸಂಖ್ಯೆಯ ಬದಲು ನಮ್ಮ ವರ್ಚುವಲ್ ಸಂಖ್ಯೆಯೇ ಕಾಣುತ್ತಿತ್ತು, ಬಂದ ಕರೆಗೂ ಅಲ್ಲಿಂದ ಮೊಬೈಲ್‌ಗೆ ಹೋದ ಕರೆಗೂ ಬೇರೆಬೇರೆಯಾಗಿ ಶುಲ್ಕ ಬೀಳುತ್ತಿತ್ತು. 'ಮಾರಾಟಕ್ಕೆ 1, ಸರ್ವಿಸ್‌ಗೆ 2' ಎಂಬ ಧ್ವನಿ ಕೇಳಿ ವಯಸ್ಸಾದ ರೈತರು ಏನನ್ನೂ ಒತ್ತದೆ ಮಾತಾಡತೊಡಗುತ್ತಿದ್ದರು. ಏನೂ ಒತ್ತದಿದ್ದರೆ ಕರೆ ಸರ್ವಿಸ್‌ಗೇ ಹೋಗಲಿ ಎಂದು ಬದಲಿಸಿದ ಮೇಲೆ ಆ ತೊಂದರೆ ಕಡಿಮೆಯಾಯಿತು.

ಕಚೇರಿಯಲ್ಲೇ ಕುಳಿತು ಕೆಲಸ ಮಾಡುವವರು ಹೆಚ್ಚಿದ್ದರೆ ಸ್ವಂತ ಫ್ರೀಪಿಬಿಎಕ್ಸ್, ಎಲ್ಲರೂ ಊರೂರು ತಿರುಗುವವರಾಗಿದ್ದರೆ ಕ್ಲೌಡ್ ಎಂಬುದು ನನ್ನ ನಿಲುವು. ನಾವು ಮೊದಲನೆಯದನ್ನೇ ಉಳಿಸಿಕೊಂಡು, ಕಚೇರಿ ಮುಚ್ಚಿದ ನಂತರದ ಸರ್ವಿಸ್ ಕರೆಗಳನ್ನಷ್ಟೇ ಕ್ಲೌಡ್‌ಗೆ ಬಿಟ್ಟಿದ್ದೇವೆ. ಹಳೆಯ ಲ್ಯಾಂಡ್‌ಲೈನ್‌ಗಳಲ್ಲಿ ಮುಖ್ಯ ಸಂಖ್ಯೆಯ ಲೈನ್ ಒಂದನ್ನು ಮಾತ್ರ ಕೈಬಿಟ್ಟಿಲ್ಲ. ಸಂಖ್ಯೆ ಉಳಿಸಿಕೊಂಡೇ ಕಂಪನಿ ಬದಲಿಸುವ, ಮೊಬೈಲ್‌ಗೆ ಇರುವ ಪೋರ್ಟಬಿಲಿಟಿ ಲ್ಯಾಂಡ್‌ಲೈನ್‌ಗೆ ಇಲ್ಲದ ಕಾರಣ, ವರ್ಷಗಳಿಂದ ಪಂಪ್‌ಗಳ ಮೇಲೆ ಅಂಟಿಸಿದ ಚೀಟಿಗಳಲ್ಲಿರುವ ಆ ಸಂಖ್ಯೆಯನ್ನು ಒಂದು ಗೇಟ್‌ವೇ ಪೆಟ್ಟಿಗೆಯ ಮೂಲಕ ಹೊಸ ವ್ಯವಸ್ಥೆಗೆ ಜೋಡಿಸಿ, ಅದಕ್ಕೆ ಬಂದ ಕರೆಗಳನ್ನು ನೇರ ಸರ್ವಿಸ್ ವಿಭಾಗಕ್ಕೇ ಹಾಯಿಸುತ್ತಿದ್ದೇವೆ.