ಬೋರ್ಡಿಲ್ಲದ ಹೋಟೆಲ್, ಒಗ್ಗರಣಿ-ಮಿರ್ಚಿ ಮತ್ತು ಸಿರಾಜ್‌ನ ಲೆಕ್ಕ

ರಾಯಚೂರಿನ ತೀನ್ ಕಂದೀಲ್ ಹತ್ತಿರ ಒಂದು ಸಂದಿಯಲ್ಲಿ ಈ ಹೋಟೆಲ್ ಇದೆ. ಬೋರ್ಡಿಲ್ಲ. ನಾಲ್ಕು ಬೆಂಚು, ಎರಡು ಟೇಬಲ್, ಗೋಡೆಗೆ ಒಂದು ಕರಿ ಹಲಗೆ. ನಡೆಸುವವರನ್ನು ಎಲ್ಲರೂ ಕಾಕಾ ಅಂತಾರೆ. ನಾನೂ ಹಾಗೇ ಕರೆಯುತ್ತೇನೆ.

ಮೊದಲ ಆರು ತಿಂಗಳು ನಾನು ಇಲ್ಲಿ ಕೂತು ತಿಂದಿದ್ದೇ ಇಲ್ಲ. ಗಂಡಸರೇ ತುಂಬಿರುವ ಜಾಗ ನೋಡಿ ಪಾರ್ಸಲ್ ಹೇಳಿ ಹೊರಗೆ ನಿಲ್ಲುತ್ತಿದ್ದೆ. ಒಂದು ಭಾನುವಾರ ಒಳಗಿನಿಂದ ಒಬ್ಬರು ಜೋರಾಗಿ, "ಸರಾಸರಿ ಸುಳ್ಳು ಹೇಳಲ್ಲರೀ!" ಅಂದರು. ನಾನು ಪಿಯು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳು. ಸುಮ್ನೆ ಇರೋಕಾಗಲಿಲ್ಲ. "ಹೇಳುತ್ತೆ, ದಿನಾ ಹೇಳುತ್ತೆ" ಅಂದುಬಿಟ್ಟೆ. ಕಾಕಾ ನಗುತ್ತಾ ಬೆಂಚಿನ ತುದಿ ಒರೆಸಿ, "ಬರ್ರಿ ಮೇಡಂ, ಒಳಗ ಕುಂದ್ರಿ" ಅಂದರು. ಅಂದಿನಿಂದ ಆ ತುದಿ ನನ್ನದು.

ತಿಂಡಿ ವಿಷಯಕ್ಕೆ ಬರೋಣ. ಒಗ್ಗರಣಿ ಇಲ್ಲಿ ಚೆನ್ನಾಗಿದೆ. ಅದಕ್ಕೆ ಬೇಕಾದ ಮಂಡಾಳು, ಅಂದರೆ ಮಂಡಕ್ಕಿಯನ್ನು, ನೀರಿಗೆ ಹಾಕಿ ತಕ್ಷಣ ಹಿಂಡುತ್ತಾರೆ, ಮುದ್ದೆ ಆಗಲು ಬಿಡುವುದಿಲ್ಲ. ಉಳ್ಳಾಗಡ್ಡಿ ಜಾಸ್ತಿ, ಅರಿಶಿಣ ಹದವಾಗಿ, ಮೇಲೆ ಪುಟಾಣಿ ಪುಡಿ. ಮಿರ್ಚಿ ಕೈಗೆ ಬಂದಾಗ ಬೆರಳು ಸುಡುತ್ತೆ. ಮೆಣಸಿನಕಾಯಿ ಸೀಳಿ ಒಳಗೆ ಜೀರಿಗೆ-ಉಪ್ಪು ಸವರಿರುತ್ತಾರೆ. ಚಟ್ನಿ ಮಾತ್ರ ನಂಬುವ ಹಾಗಿಲ್ಲ. ಒಂದು ದಿನ ಚೆಂದ, ಮರುದಿನ ಬರೀ ಉಪ್ಪು. ಚಹಾಕ್ಕೆ ಸಕ್ಕರೆ ಸುರಿದಿರುತ್ತಾರೆ, ಮೊದಲೇ ಹೇಳಿದರೂ ಅಷ್ಟೇ. ಕೈ ತೊಳೆಯುವ ನಲ್ಲಿ ಬೇಸಿಗೆಯಲ್ಲಿ ಬಿಸಿನೀರನ್ನೇ ಕೊಡುತ್ತೆ. ಅದು ರಾಯಚೂರಿನ ತಪ್ಪು, ಕಾಕಾಂದಲ್ಲ.

ಆದರೆ ಇಲ್ಲಿಗೆ ಜನ ಬರುವುದು ಒಗ್ಗರಣಿಗೊಂದೇ ಅಲ್ಲ, ಮೂಲೆ ಟೇಬಲ್‌ನ ಜಗಳಕ್ಕೆ. ಅಲ್ಲಿ ಮೂವರು ಕಾಯಂ. ಗಂಜ್ ಮಾರುಕಟ್ಟೆಯ ಹತ್ತಿ ವ್ಯಾಪಾರಿಯೊಬ್ಬರು, ರಿಟೈರ್ ಆದ ಹೈಸ್ಕೂಲ್ ಮೇಷ್ಟ್ರು, ಮತ್ತೆ ಟೊರೊಂಟೊದ ಕಂಪನಿಯೊಂದಕ್ಕೆ ಮನೆಯಿಂದಲೇ ರಾತ್ರಿ ಪಾಳಿ ಮಾಡುವ ಹುಡುಗ. ಮೊದಲಿಬ್ಬರಿಗೆ ಆರ್‌ಸಿಬಿ ಪ್ರಾಣ. ಹುಡುಗನಿಗೆ ಆರ್‌ಸಿಬಿಯೂ ಬೇಕು, ಟೊರೊಂಟೊ ಬ್ಲೂ ಜೇಸ್ ಅನ್ನುವ ಬೇಸ್‌ಬಾಲ್ ತಂಡವೂ ಬೇಕು.

ಬೌಲರ್ ಮೊಹಮ್ಮದ್ ಸಿರಾಜ್ ಹೆಸರು ಬಂದರೆ ವ್ಯಾಪಾರಿಗಳ ಚಹಾ ತಣ್ಣಗಾಗುತ್ತೆ. 2024ರ ನವೆಂಬರ್‌ನ ಐಪಿಎಲ್ ಹರಾಜಿಗೆ ಮೊದಲೇ ಆರ್‌ಸಿಬಿ ಅವನನ್ನು ಬಿಟ್ಟಿತು, ಹರಾಜಿನಲ್ಲಿ ಗುಜರಾತ್ 12.25 ಕೋಟಿಗೆ ಕೊಂಡಿತು. 2025ರ ಏಪ್ರಿಲ್ 2ಕ್ಕೆ ಚಿನ್ನಸ್ವಾಮಿಯಲ್ಲೇ ನಮ್ಮ ಮೇಲೆ 19 ರನ್‌ಗೆ 3 ವಿಕೆಟ್ ತೆಗೆದ. "ನಮ್ಮ ಹುಡುಗ, ನಮ್ಮ ಗ್ರೌಂಡು, ನಮಗs ಹೊಡ್ದ" ಅಂತ ಅವರು ಇವತ್ತಿಗೂ ಮೇಜು ಕುಟ್ಟುತ್ತಾರೆ. ಮೇಷ್ಟ್ರ ಉತ್ತರ ರೆಡಿ ಇರುತ್ತೆ. ಅದೇ ಹರಾಜಿನಲ್ಲಿ 12.50 ಕೋಟಿಗೆ ಬಂದ ಹೇಜಲ್‌ವುಡ್ 12 ಮ್ಯಾಚ್‌ನಲ್ಲಿ 22 ವಿಕೆಟ್ ತೆಗೆದ. ಸಿರಾಜ್ ಇಡೀ ಸೀಸನ್‌ಗೆ 16. ಜೂನ್ 3ರ ಫೈನಲ್‌ನಲ್ಲಿ 5.75 ಕೋಟಿಯ ಕೃಣಾಲ್ ಪಾಂಡ್ಯ ನಾಲ್ಕು ಓವರ್‌ಗೆ 17 ರನ್ ಕೊಟ್ಟು 2 ವಿಕೆಟ್. ಆರ್‌ಸಿಬಿ ಗೆದ್ದಿದ್ದು ಆರೇ ರನ್‌ನಿಂದ. "ಇನ್ನೇನು ಬೇಕ್ರಿ?" ಅಂತಾರೆ ಮೇಷ್ಟ್ರು. ಈ ಅಂಕಿಗಳೆಲ್ಲ ಕರಿ ಹಲಗೆ ಮೇಲಿವೆ. ಹಲಗೆ ಇರುವುದು ಉದ್ರಿ ಬರೆಯಲು. ಎಡಕ್ಕೆ ಉದ್ರಿ, ಬಲಕ್ಕೆ ಬೌಲರ್‌ಗಳು.

ಹುಡುಗ ಬೇಸ್‌ಬಾಲ್ ತಂದಿದ್ದು 2025ರ ನವೆಂಬರ್‌ನ ಮೊದಲ ಭಾನುವಾರ. ಟೊರೊಂಟೊದಲ್ಲಿ ಶನಿವಾರ ರಾತ್ರಿ, ಇಲ್ಲಿ ಬೆಳಗ್ಗೆ. ವರ್ಲ್ಡ್ ಸೀರೀಸ್, ಅಂದರೆ ಅಲ್ಲಿನ ಬೇಸ್‌ಬಾಲ್ ಫೈನಲ್ ಸರಣಿಯ ಏಳನೇ ಮ್ಯಾಚನ್ನು ಮೊಬೈಲ್‌ನಲ್ಲಿ ನೋಡುತ್ತಾ ಕೂತಿದ್ದ. ಹನ್ನೊಂದನೇ ಇನಿಂಗ್ಸ್‌ವರೆಗೆ ಎಳೆದು ಲಾಸ್ ಏಂಜಲೀಸ್ ಡಾಡ್ಜರ್ಸ್ 5-4ಕ್ಕೆ ಗೆದ್ದಿತು. ಹಿಂದಿನ ರಾತ್ರಿ 96 ಎಸೆತ ಹಾಕಿದ್ದ ಡಾಡ್ಜರ್ಸ್‌ನ ಯಮಾಮೊಟೊನೇ ಮತ್ತೆ ಬಂದು ಟೊರೊಂಟೊ ಕತೆ ಮುಗಿಸಿದ. ವ್ಯಾಪಾರಿಗಳು ಕೂಡಲೇ ಆರರಿಂದ ಭಾಗಿಸಿ, "ಹದಿನಾರು ಓವರ್! ಮರುದಿನ ಮತ್ತ?" ಅಂತ ಬಾಯಿ ಬಿಟ್ಟರು. ಹುಡುಗ ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ.

ಆಮೇಲೆ ಬ್ಲೂ ಜೇಸ್ ಡಿಲನ್ ಸೀಸ್ ಅನ್ನುವ ಪಿಚರ್‌ನನ್ನು, ಅಂದರೆ ನಮ್ಮ ಬೌಲರ್ ಥರ ಚೆಂಡು ಎಸೆಯುವವನನ್ನು, ತಂದಿತು. ಏಳು ವರ್ಷಕ್ಕೆ 21 ಕೋಟಿ ಡಾಲರ್. ನಮ್ಮ ದುಡ್ಡಲ್ಲಿ ಸುಮಾರು 1,900 ಕೋಟಿ. 2026ರ ಐಪಿಎಲ್‌ನಲ್ಲಿ ಇಡೀ ತಂಡದ ಪರ್ಸೇ 125 ಕೋಟಿ. ಮೇಷ್ಟ್ರು ಹಲಗೆಯಲ್ಲಿ ಸೊನ್ನೆ ಬರೆಯಲು ಜಾಗ ಸಾಲದೆ ಒಬ್ಬರ ಉದ್ರಿ ಅಳಿಸಿದರು. ಕಾಕಾ ಬೈದರು.

ಜಗಳ ಹತ್ತಿದ್ದು ಸೀಸ್‌ನ ಇಆರ್‌ಎ ಮೇಲೆ. ಪಿಚರ್ ಒಂಬತ್ತು ಇನಿಂಗ್ಸ್‌ಗೆ ಎಷ್ಟು ರನ್ ಕೊಡುತ್ತಾನೆ ಅನ್ನುವ ಲೆಕ್ಕ ಅದು. ಫೀಲ್ಡರ್ ಎಡವಟ್ಟಿನಿಂದ ಬಂದ ರನ್ ಅದರಲ್ಲಿ ಸೇರುವುದಿಲ್ಲ. 2025ರಲ್ಲಿ ಸೀಸ್‌ನದು 4.55. ಅಂದರೆ ಸಾಧಾರಣ. "ಇದಕ್ಕ ಇಷ್ಟು ರೊಕ್ಕ?" ಅಂದರು ವ್ಯಾಪಾರಿಗಳು. ಹುಡುಗ ಇನ್ನೊಂದು ಲೆಕ್ಕ ತೆಗೆದ, ಎಫ್‌ಐಪಿ. ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್), ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್‌ಗೆ ಬಿಟ್ಟಿ ಬೇಸ್), ಹೋಮ್‌ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಥರ ಫೀಲ್ಡರ್ ಕೈ ಹಚ್ಚದ ಸಂಗತಿ ಮಾತ್ರ ಅದರಲ್ಲಿ ಲೆಕ್ಕಕ್ಕೆ ಬರುತ್ತವೆ. ಅದರ ಪ್ರಕಾರ ಸೀಸ್ ಮೂರೂವರೆ ಹತ್ತಿರ. ಬ್ಯಾಟರ್‌ಗಳನ್ನು 215 ಸಲ ಸ್ಟ್ರೈಕ್‌ಔಟ್ ಮಾಡಿದ್ದ. ಮುಂದೆ ಹೇಗೆ ಹಾಕುತ್ತಾನೆ ಅನ್ನುವುದಕ್ಕೆ ಇದೇ ಒಳ್ಳೆ ಗುರುತು ಅಂತ ಹುಡುಗನ ವಾದ. ನಾನು ಅವನ ಪಕ್ಷ.

ಅಷ್ಟರಲ್ಲಿ ಬಾಣಲೆ ಹತ್ತಿರದಿಂದ ಕಾಕಾ ಅಂದರು: "ಅಂದ್ರ ಮಿರ್ಚಿ ನನ್ನ ಲೆಕ್ಕ. ಚಟ್ನಿ ಉಪ್ಪಾದ್ರ ಅದು ನಮ್ಮ ಚಟ್ನಿ ಮಾಡೋ ಹುಡುಗಂದು." ಕ್ಲಾಸಿನಲ್ಲಿ ನಾನು ಇದನ್ನು ಇಷ್ಟು ಸಲೀಸಾಗಿ ಹೇಳಿಲ್ಲ, ನಿಜಕ್ಕೂ. ಹಾಗಾಗಿ ಈ ಹೋಟೆಲ್‌ಗೆ ನನ್ನ ಮಾರ್ಕು ಎರಡು. ಕಾಕಾನ ಕೈಗೆ ಐದಕ್ಕೆ ಐದು. ಚಟ್ನಿ, ಚಹಾ, ನಲ್ಲಿ ಎಲ್ಲ ಸೇರಿಸಿದರೆ ಮೂರೂವರೆ.

ಒಂದೇ ಒಂದು ವಿಷಯಕ್ಕೆ ಆ ಟೇಬಲ್‌ನಲ್ಲಿ ಜಗಳ ಇಲ್ಲ. ಮನೋಜ್ ಭಾಂಡಗೆ ನಮ್ಮ ರಾಯಚೂರಿನ ಹುಡುಗ. ಆರ್‌ಸಿಬಿ 2023ಕ್ಕೆ 20 ಲಕ್ಷಕ್ಕೆ, 2025ಕ್ಕೆ 30 ಲಕ್ಷಕ್ಕೆ ಕೊಂಡಿತ್ತು. ಆಡಿದ್ದಕ್ಕಿಂತ ಡಗೌಟ್‌ನಲ್ಲಿ ಕೂತಿದ್ದೇ ಜಾಸ್ತಿ. 2025ರ ನವೆಂಬರ್‌ನಲ್ಲಿ ಲಿವಿಂಗ್‌ಸ್ಟನ್, ಎನ್‌ಗಿಡಿ, ಮಯಾಂಕ್ ಜೊತೆ ಅವನನ್ನೂ ಬಿಟ್ಟರು. ಡಿಸೆಂಬರ್‌ನ ಅಬುಧಾಬಿ ಹರಾಜಿನಲ್ಲಿ ವೆಂಕಟೇಶ್ ಅಯ್ಯರ್‌ಗೆ 7 ಕೋಟಿ ಕೊಟ್ಟರು. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಮನೋಜ್‌ನನ್ನು ಯಾವ ಅಂಕಿ ನೋಡಿ ಬಿಟ್ಟರು? ಆಡಿಸದೇ ಇದ್ದರೆ ಅಂಕಿ ಎಲ್ಲಿಂದ ಬರಬೇಕು? ವ್ಯಾಪಾರಿಗಳು ಹಲಗೆಯ ಬಲಕ್ಕೆ ಅವನ ಹೆಸರು ಬರೆದು ಮುಂದೆ ಖಾಲಿ ಬಿಟ್ಟಿದ್ದಾರೆ. ಯಾರೂ ಅಳಿಸುವುದಿಲ್ಲ.

ಹೋಗುವವರಿಗೆ ಒಂದು ಮಾತು: ಬೆಳಗ್ಗೆ ಏಳರಿಂದ ಒಂಬತ್ತರೊಳಗೆ ಹೋಗಿ. ಹತ್ತಕ್ಕೆ ಮಿರ್ಚಿ ಮುಗಿದಿರುತ್ತೆ, ಉಳಿದಿರುವುದು ತಣ್ಣನೆ ಒಗ್ಗರಣಿ. ಹೆಣ್ಣುಮಕ್ಕಳು ಧೈರ್ಯವಾಗಿ ಒಳಗೆ ಕೂರಬಹುದು, ಯಾರೂ ಕಣ್ಣು ಮಿಟುಕಿಸದೆ ನೋಡುವುದಿಲ್ಲ, ಎಲ್ಲರ ಕಣ್ಣೂ ಹಲಗೆ ಮೇಲಿರುತ್ತೆ. ಫೋನ್‌ಪೇ ಇದೆ, ನೆಟ್‌ವರ್ಕ್ ಇಲ್ಲ. ಚಿಲ್ಲರೆ ಇಟ್ಟುಕೊಳ್ಳಿ. ಕಳೆದ ಭಾನುವಾರ ನನ್ನ ಹತ್ತಿರ ಇರಲಿಲ್ಲ. ಎಡಗಡೆ ಜಾಗ ತುಂಬಿತ್ತು ಅಂತ ಕಾಕಾ ಹೇಜಲ್‌ವುಡ್ ಕೆಳಗೆ ಬರೆದರು: ಮೇಡಂ, 40.