ತಪ್ಪು ವೆಂಟಾಯ್‌ದಲ್ಲ, ಪೆನ್‌ಡ್ರೈವ್‌ದು: ಲಿನಕ್ಸ್ ಬೂಟ್ ಡ್ರೈವ್ ಮಾಡುವ ಮೂರು ಟೂಲ್‌ಗಳು

ಲಿನಕ್ಸ್ ಅಂದರೆ ವಿಂಡೋಸ್ ಬದಲು ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್. ಅದನ್ನು ಹಾಕಲು ಕಂಪ್ಯೂಟರ್ ನೇರವಾಗಿ ಶುರುವಾಗುವಂಥ (ಬೂಟ್ ಆಗುವ) ಪೆನ್‌ಡ್ರೈವ್ ಬೇಕು, ಅದನ್ನು ಮಾಡಿಕೊಡುವ ಟೂಲ್‌ಗಳು ರೂಫಸ್, ವೆಂಟಾಯ್, ಬಲೇನಾ ಎಚರ್. ಪುರುಸೊತ್ತು ಇಲ್ಲದವರಿಗೆ ಮೊದಲೇ ತೀರ್ಪು ಹೇಳಿಬಿಡುತ್ತೇನೆ. ಕೈಯಲ್ಲಿ ವಿಂಡೋಸ್ ಇದೆ, ಒಂದೇ ಸಲ ಲಿನಕ್ಸ್ ಹಾಕಬೇಕು ಅಂದರೆ ರೂಫಸ್. ನಾಲ್ಕೈದು ಜನರಿಗೆ ಹಾಕಿಕೊಡುತ್ತೀರಿ, ಅಥವಾ ಬೇರೆ ಬೇರೆ ಲಿನಕ್ಸ್ ನೋಡುವ ಆಸೆ ಇದೆ ಅಂದರೆ ವೆಂಟಾಯ್. ಬಲೇನಾ ಎಚರ್ ಬಳಸಲು ಮೂರರಲ್ಲಿ ಸುಲಭ, ಅದರ ಬಗ್ಗೆ ಆಮೇಲೆ ಹೇಳುತ್ತೇನೆ. ವೆಂಟಾಯ್‌ಗೆ ಇವತ್ತು ನಾನು ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡುತ್ತೇನೆ. ಇದೇ ವೆಂಟಾಯ್‌ಗೆ ಕಳೆದ ದೀಪಾವಳಿ ರಜೆಯಲ್ಲಿ ಒಂದು ಸ್ಟಾರ್ ಕೊಡುವವನಿದ್ದೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ನಿಂತಿತು. ತುಮಕೂರಿನಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಹೈಸ್ಕೂಲ್ ಟೀಚರ್. ಅವಳ ಲ್ಯಾಪ್‌ಟಾಪ್ ಹಳೆಯದು, ವಿಂಡೋಸ್ 11ಕ್ಕೆ ಅರ್ಹತೆ ಇಲ್ಲ ಅಂತ ಸ್ಕ್ರೀನ್ ಮೇಲೆಯೇ ಬರುತ್ತಿತ್ತು. ಆದರೆ ಮಷೀನ್ ಚೆನ್ನಾಗಿದೆ, ಕೀಬೋರ್ಡ್ ಚೆನ್ನಾಗಿದೆ, 8 ಜಿಬಿ ರ‍್ಯಾಮ್ ಇದೆ. "ಅಣ್ಣಾ, ಇದನ್ನ ಗುಜರಿಗೆ ಹಾಕೋಕೆ ಮನಸ್ಸಿಲ್ಲ" ಅಂದಳು. ನನಗೂ ಇರಲಿಲ್ಲ. ಲಿನಕ್ಸ್‌ನ ಬಗೆಗಳಲ್ಲೊಂದಾದ ಲಿನಕ್ಸ್ ಮಿಂಟ್ ಹಾಕೋಣ ಅಂತ ತೀರ್ಮಾನವಾಯಿತು. ಪೆನ್‌ಡ್ರೈವ್ ಅವಳ ಹತ್ತಿರವೇ ಇತ್ತು, 64 ಜಿಬಿ ಅಂತ ಮೇಲೆ ಬರೆದಿತ್ತು, ಯಾವುದೋ ಅಂಗಡಿಯಲ್ಲಿ ತುಂಬ ಕಡಿಮೆ ಬೆಲೆಗೆ ಸಿಕ್ಕಿತ್ತಂತೆ.

ಮೊದಲ ತೊಂದರೆ ಡೌನ್‌ಲೋಡ್‌ನಲ್ಲೇ ಶುರುವಾಯಿತು. ಮಿಂಟ್‌ನ ಐಎಸ್‌ಒ ಫೈಲ್ (ಇಡೀ ಸಿಸ್ಟಮ್ ಒಂದೇ ಫೈಲಿನಲ್ಲಿ) ಸುಮಾರು 3 ಜಿಬಿ. ಚಿಕ್ಕಮ್ಮನ ಮನೆಯಲ್ಲಿ ವೈಫೈ ಇಲ್ಲ, ಮೊಬೈಲ್ ಹಾಟ್‌ಸ್ಪಾಟ್, ಅದರಲ್ಲಿ ದಿನಕ್ಕೆ 2 ಜಿಬಿ ಪ್ಯಾಕ್. ಅರ್ಧಕ್ಕಿಂತ ಜಾಸ್ತಿ ಇಳಿದ ಮೇಲೆ ಸ್ಪೀಡ್ ಬಿತ್ತು, ಬ್ರೌಸರ್ ನಿಂತು ಮತ್ತೆ ಶುರುಮಾಡಿ, ಕೊನೆಗೆ "ಮುಗಿಯಿತು" ಅಂತ ತೋರಿಸಿದ ಫೈಲ್ ಪೂರ್ತಿ ಇರಲಿಲ್ಲ. ಇದು ಗೊತ್ತಾಗಿದ್ದು ಚೆಕ್‌ಸಮ್ ನೋಡಿದ್ದರಿಂದ. ಮಿಂಟ್ ತಾಣದಲ್ಲಿ ಪ್ರತಿ ಐಎಸ್‌ಒಗೂ ಎಸ್‌ಎಚ್‌ಎ256 ಅಂತ 64 ಅಕ್ಷರಗಳ ಒಂದು ಸಾಲು ಕೊಟ್ಟಿರುತ್ತಾರೆ, ನಿಮ್ಮ ಫೈಲಿನಿಂದ ಬರುವ ಸಾಲೂ ಅದೇ ಆಗಿರಬೇಕು, ಒಂದು ಅಕ್ಷರ ಬೇರೆ ಇದ್ದರೂ ಆ ಫೈಲ್ ಬೇಡ. ರೂಫಸ್‌ನಲ್ಲಿ ಐಎಸ್‌ಒ ಆರಿಸಿದ ಮೇಲೆ ಪಕ್ಕದಲ್ಲಿರುವ ಸರಿ ಗುರುತು ಒತ್ತಿದರೆ ಈ ಸಾಲು ತಾನೇ ಬರುತ್ತದೆ. ರೂಫಸ್ ಬಗ್ಗೆ ನನಗೆ ತುಂಬ ಇಷ್ಟವಾದ ವಿಷಯ ಇದು. ನೆಟ್ ಸರಿ ಇಲ್ಲದ ಕಡೆ ಟೊರೆಂಟ್‌ನಲ್ಲಿ ಇಳಿಸಿಕೊಳ್ಳಿ. ಮಿಂಟ್‌ನವರೇ ಟೊರೆಂಟ್ ಕೊಡುತ್ತಾರೆ, ಅದು ಪ್ರತಿ ತುಂಡನ್ನೂ ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ, ಇವತ್ತು ನಿಂತರೆ ನಾಳೆ ಅಲ್ಲಿಂದಲೇ ಮುಂದುವರಿಯುತ್ತದೆ. ನಾವು ಹಾಗೇ ಎರಡು ದಿನದಲ್ಲಿ ಇಳಿಸಿದೆವು. ಸಾಲು ಹೊಂದಿತು.

ಇನ್ನು ವೆಂಟಾಯ್. ಇದರ ಯೋಚನೆಯೇ ಚೆಂದ. ಉಳಿದ ಟೂಲ್‌ಗಳು ಪೆನ್‌ಡ್ರೈವ್ ಪೂರ್ತಿ ಒಂದೇ ಐಎಸ್‌ಒಗೆ ಕೊಟ್ಟುಬಿಡುತ್ತವೆ. ವೆಂಟಾಯ್‌ನ ಒಮ್ಮೆ ಹಾಕಿದರೆ ಸಾಕು, ಆಮೇಲೆ ಐಎಸ್‌ಒ ಫೈಲ್‌ಗಳನ್ನು ಸಿನಿಮಾ ಕಾಪಿ ಮಾಡಿದ ಹಾಗೆ ಸುಮ್ನೆ ಕಾಪಿ ಮಾಡುತ್ತಾ ಹೋಗುವುದು. ಬೂಟ್ ಮಾಡಿದಾಗ ಎಲ್ಲದರ ಪಟ್ಟಿ ಬರುತ್ತದೆ, ಬೇಕಾದ್ದನ್ನು ಆರಿಸಿಕೊಳ್ಳಬಹುದು. ಉಳಿದ ಜಾಗದಲ್ಲಿ ನಿಮ್ಮ ಫೋಟೊ, ಪಿಡಿಎಫ್ ಇಟ್ಟುಕೊಳ್ಳಬಹುದು. ಹೊಸ ವರ್ಷನ್‌ಗೆ ಅಪ್‌ಡೇಟ್ ಮಾಡಿದರೂ ಒಳಗಿನ ಫೈಲ್ ಹಾಗೇ ಇರುತ್ತವೆ. 2020ರಲ್ಲಿ ಬಂದದ್ದು, ಉಚಿತ. ಮೊದಲ ಸಲ ಹಾಕುವಾಗ ಮಾತ್ರ ಪೆನ್‌ಡ್ರೈವ್ ಪೂರ್ತಿ ಅಳಿಸುತ್ತದೆ, ಎರಡೆರಡು ಸಲ ಕೇಳಿಯೇ ಅಳಿಸುತ್ತದೆ.

ಆ ಸಂಜೆ ಅವಳ ಪೆನ್‌ಡ್ರೈವ್‌ಗೆ ಹಾಕಲು ಹೋದೆ. ಕೊನೆಯವರೆಗೂ ಬಂದು ಫೇಲ್ ಆಯಿತು. ಇನ್ನೊಂದು ಪೋರ್ಟ್, ಮತ್ತೆ ಫೇಲ್. ಆಂಟಿವೈರಸ್ ಆಫ್ ಮಾಡಿದೆ, ಅಡ್ಮಿನ್ ಆಗಿ ಓಡಿಸಿದೆ, ಡ್ರೈವ್ ಭಾಗ ಮಾಡುವ ವಿಧಾನವನ್ನು ಜಿಪಿಟಿ ಬದಲು ಎಂಬಿಆರ್ ಇಟ್ಟು ನೋಡಿದೆ. ಪ್ರತಿ ಸಲವೂ ಅದೇ. ಅದೇ ಪೆನ್‌ಡ್ರೈವ್‌ಗೆ ಎಚರ್‌ನಿಂದ ಮಿಂಟ್ ಬರೆದೆ, ಸಲೀಸಾಗಿ ಬರೆಯಿತು. ಬರೆದ ಮೇಲೆ ಎಚರ್ ಎಲ್ಲವನ್ನೂ ಮತ್ತೆ ಓದಿ ತಾಳೆ ನೋಡುತ್ತದೆ, ಅದರಲ್ಲೂ ಪಾಸಾಯಿತು. ಹಾಗಾದರೆ ಕೆಟ್ಟದ್ದು ವೆಂಟಾಯ್ ಅಂತ ಅನ್ನಿಸುವುದು ಸಹಜ ಅಲ್ವಾ? ನನಗೂ ಹಾಗೇ ಅನ್ನಿಸಿತು.

ಅವತ್ತು ರಾತ್ರಿ ವೆಂಟಾಯ್ ಪೆನ್‌ಡ್ರೈವ್‌ನ ಹೇಗೆ ಭಾಗ ಮಾಡುತ್ತದೆ ಅಂತ ಓದುತ್ತಾ ಕೂತೆ. ಅದು ಎರಡು ಭಾಗ ಮಾಡುತ್ತದೆ. ಐಎಸ್‌ಒ ಇಡುವ ದೊಡ್ಡ ಭಾಗ ಮುಂದೆ. ಬೂಟ್ ಮಾಡಿಸುವ ತನ್ನದೇ ಫೈಲ್‌ಗಳಿಗೆ 32 ಎಂಬಿಯ ಪುಟ್ಟ ಭಾಗ, ಅದು ಡ್ರೈವ್‌ನ ಕಟ್ಟಕಡೆಗೆ. ಅಲ್ಲಿ ಹೊಳೆಯಿತು. ಎಚರ್ ಬರೆದದ್ದು ಮೊದಲ 3 ಜಿಬಿಯಲ್ಲಿ. ವೆಂಟಾಯ್ ಬರೆಯಲು ಹೋದದ್ದು 64ನೇ ಜಿಬಿಯ ತುದಿಯಲ್ಲಿ. ಅಲ್ಲಿ ಜಾಗವೇ ಇಲ್ಲದಿದ್ದರೆ?

ಎಚ್‌2ಟೆಸ್ಟ್‌ಡಬ್ಲ್ಯೂ ಅಂತ ವಿಂಡೋಸ್‌ಗೆ ಒಂದು ಪುಟ್ಟ ಉಚಿತ ಪ್ರೋಗ್ರಾಂ ಇದೆ, ಲಿನಕ್ಸ್‌ನಲ್ಲಾದರೆ ಎಫ್3. ಖಾಲಿ ಡ್ರೈವ್ ತುಂಬ ಫೈಲ್ ಬರೆದು, ಮತ್ತೆ ಓದಿ, ಬರೆದದ್ದೆಲ್ಲ ಇದೆಯಾ ಅಂತ ಇವು ನೋಡುತ್ತವೆ. ರಾತ್ರಿ ಓಡಲು ಬಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಪೆನ್‌ಡ್ರೈವ್‌ನಲ್ಲಿ ನಿಜವಾಗಿ ಇದ್ದದ್ದು 8 ಜಿಬಿಗಿಂತ ಕಡಿಮೆ. ಒಳಗಿನ ಚಿಪ್‌ಗೆ "ನಾನು 64" ಅಂತ ಸುಳ್ಳು ಹೇಳಲು ಕಲಿಸಿದ್ದರು, ಅಷ್ಟೇ. ಅದಕ್ಕಿಂತ ಮುಂದೆ ಬರೆದದ್ದೆಲ್ಲ ಮಣ್ಣುಪಾಲು, ಫೈಲ್ ಕಾಪಿ ಮಾಡುವಾಗ ಯಾವ ಎರರ್ ಕೂಡ ಬರುವುದಿಲ್ಲ. ನನ್ನ ತಂಗಿಗೆ ಬೇಜಾರಾಗಿದ್ದು ದುಡ್ಡಿಗಲ್ಲ. ಸ್ಕೂಲ್ ಡೇ ಫೋಟೊಗಳನ್ನು ಅದೇ ಡ್ರೈವ್‌ಗೆ ಹಾಕಿದ್ದಳು, ಅದರಲ್ಲಿ ಎಷ್ಟೋ ತೆರೆಯುತ್ತಿರಲಿಲ್ಲ, ಕಂಪ್ಯೂಟರ್ ವೈರಸ್ ಅಂದುಕೊಂಡಿದ್ದಳು. ಪುಣ್ಯಕ್ಕೆ ಒರಿಜಿನಲ್ ಫೋಟೊಗಳು ಸಹೋದ್ಯೋಗಿಯ ಫೋನ್‌ನಲ್ಲಿದ್ದವು. ದಯವಿಟ್ಟು ಹೊಸ ಪೆನ್‌ಡ್ರೈವ್ ತಂದ ದಿನವೇ ಈ ಪರೀಕ್ಷೆ ಮಾಡಿ, ಬಿಲ್ ಇಟ್ಟುಕೊಳ್ಳಿ. ರೂಫಸ್‌ನ ಅಡ್ವಾನ್ಸ್ಡ್ ಆಯ್ಕೆಗಳಲ್ಲೂ ಬ್ಯಾಡ್ ಬ್ಲಾಕ್ ಪರೀಕ್ಷೆ ಇದೆ, ಅದೂ ನಕಲಿ ಡ್ರೈವ್ ಹಿಡಿಯುತ್ತದೆ.

ಬಿಲ್ ಸಮೇತ ಹೊಸದೊಂದು 32 ಜಿಬಿ ಡ್ರೈವ್ ತಂದೆವು. ವೆಂಟಾಯ್ ಒಂದೇ ನಿಮಿಷದಲ್ಲಿ ಕೂತಿತು. ಇಲ್ಲಿ ಒಂದು ಎಚ್ಚರ ಹೇಳಬೇಕು: ಕಾಪಿ ಮುಗಿಯಿತು ಅಂತ ತೋರಿಸಿದ ಕೂಡಲೇ ಡ್ರೈವ್ ಕೀಳಬೇಡಿ. ಲಿನಕ್ಸ್‌ನಲ್ಲಂತೂ ಸ್ಕ್ರೀನ್ ಮೇಲೆ ಮುಗಿದರೂ ಒಳಗೆ ಇನ್ನೂ ಬರೆಯುತ್ತಿರುತ್ತದೆ. ಇಜೆಕ್ಟ್ ಒತ್ತಿ, ತೆಗೆಯಬಹುದು ಅಂತ ಬರುವವರೆಗೆ ಕಾಯಿರಿ. ಅರ್ಧ ಕಾಪಿಯಾದ ಐಎಸ್‌ಒ ಮೆನುವಿನಲ್ಲಿ ಸರಿಯಾಗೇ ಕಾಣುತ್ತದೆ, ಬೂಟ್ ಆಗುವಾಗ ಸ್ಕ್ವಾಷ್‌ಎಫ್‌ಎಸ್ ಎರರ್ ಅಂತ ಸಾಲುಸಾಲಾಗಿ ಬರುತ್ತದೆ, ಇಲ್ಲ ಇನಿಟ್‌ರ‍್ಯಾಮ್‌ಎಫ್‌ಎಸ್ ಅಂತ ಕಪ್ಪು ಪರದೆಯಲ್ಲಿ ನಿಲ್ಲುತ್ತದೆ. ಅನುಮಾನ ಬಂದರೆ ವೆಂಟಾಯ್ ಮೆನುವಿನಲ್ಲಿ ಆ ಐಎಸ್‌ಒ ಮೇಲೆ ನಿಂತು ಎಮ್ ಒತ್ತಿ, ಪೆನ್‌ಡ್ರೈವ್‌ನಲ್ಲಿರುವ ಫೈಲಿನ ಚೆಕ್‌ಸಮ್ ಅಲ್ಲೇ ಬರುತ್ತದೆ. ಇದು ಎಷ್ಟು ಉಪಯೋಗ ಅಂತ ಬಳಸಿದವರಿಗೇ ಗೊತ್ತು.

ಆಮೇಲೆ ಬೂಟ್. ಎಫ್12 ಒತ್ತಿ ಪೆನ್‌ಡ್ರೈವ್ ಆರಿಸಿದೆವು (ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್9, ಎಸ್ಕೇಪ್, ಎಫ್8 ಇರುತ್ತದೆ, ಕಂಪನಿಗೊಂದು). ನೀಲಿ ಪರದೆಯಲ್ಲಿ "ವೆರಿಫಿಕೇಷನ್ ಫೇಲ್ಡ್, ಸೆಕ್ಯೂರಿಟಿ ವಯೊಲೇಷನ್" ಅಂತ ಬಂತು. ತಂಗಿ ಲ್ಯಾಪ್‌ಟಾಪ್ ಹಾಳಾಯಿತು ಅಂತಲೇ ತಿಳಿದಳು. ಹಾಗೇನಿಲ್ಲ. ಸೆಕ್ಯೂರ್ ಬೂಟ್ (ನಂಬಿದ ಸಹಿ ಇಲ್ಲದ್ದು ಬೂಟ್ ಆಗದಂತೆ ತಡೆಯುವ ಕಾವಲು) ಆನ್ ಇದ್ದರೆ ವೆಂಟಾಯ್ ತನ್ನ ಕೀಯನ್ನು, ಅಂದರೆ ಡಿಜಿಟಲ್ ಗುರುತನ್ನು, ಒಮ್ಮೆ ಆ ಮಷೀನ್‌ಗೆ ಪರಿಚಯ ಮಾಡಿಕೊಡಬೇಕು ಅನ್ನುತ್ತದೆ. ಓಕೆ ಕೊಟ್ಟು, ಮುಂದಿನ ಪರದೆಯಲ್ಲಿ ಹತ್ತು ಸೆಕೆಂಡ್ ಒಳಗೆ ಯಾವುದಾದರೂ ಕೀ ಒತ್ತಿ, "ಎನ್‌ರೋಲ್ ಕೀ ಫ್ರಮ್ ಡಿಸ್ಕ್" ಆರಿಸಿ, ವಿಟಾಯ್‌ಇಎಫ್‌ಐ (VTOYEFI) ಒಳಗೆ ಹೋಗಿ, "ಎನ್‌ರೋಲ್ ದಿಸ್ ಕೀ" ಅಂತ ಹೆಸರಿರುವ ಫೈಲ್ ತೆಗೆದುಕೊಂಡು, ಯೆಸ್ ಕೊಟ್ಟು ರೀಬೂಟ್ ಮಾಡಬೇಕು. ಆ ಹತ್ತು ಸೆಕೆಂಡ್ ತಪ್ಪಿದರೆ ಮತ್ತೆ ಮೊದಲಿಂದ. ಒಂದು ಮಷೀನ್‌ಗೆ ಒಂದೇ ಸಲದ ಕೆಲಸ ಇದು, ನಿಜ. ಆದರೂ ಹೊಸಬರು ಗಾಬರಿಯಾಗುವುದು ಇಲ್ಲೇ, ಅರ್ಧ ಸ್ಟಾರ್ ನಾನು ಕಡಿದದ್ದು ಇದಕ್ಕೇ. ರೂಫಸ್ ಅಥವಾ ಎಚರ್‌ನಲ್ಲಿ ಬರೆದ ಮಿಂಟ್‌ಗೆ ಸಾಮಾನ್ಯವಾಗಿ ಈ ಗೊಡವೆ ಇಲ್ಲ, ಮಿಂಟ್ ಮತ್ತು ಉಬುಂಟುವಿನ ಬೂಟ್ ಫೈಲ್‌ಗೆ ಮೈಕ್ರೋಸಾಫ್ಟ್ ಸಹಿ ಮೊದಲೇ ಇರುತ್ತದೆ.

ಅದಕ್ಕೇ ಒಂದೇ ಸಲ ಬೇಕಾದವರಿಗೆ ರೂಫಸ್ ಅಂದದ್ದು. ಪೀಟ್ ಬಟಾರ್ ಅನ್ನುವವರು 2011ರಿಂದ ಉಚಿತವಾಗಿ ಕೊಡುತ್ತಾ ಬಂದಿದ್ದಾರೆ, ಇನ್‌ಸ್ಟಾಲ್ ಕೂಡ ಬೇಡ, ಪುಟ್ಟ ಫೈಲ್. ಲಿನಕ್ಸ್ ಐಎಸ್‌ಒ ಕೊಟ್ಟರೆ ಐಎಸ್‌ಒ ಮೋಡ್ (ಒಳಗಿನ ಫೈಲ್‌ಗಳನ್ನು ಬಿಚ್ಚಿ ಹಾಕುವುದು) ಬೇಕಾ ಡಿಡಿ ಮೋಡ್ (ಇದ್ದ ಹಾಗೇ ನಕಲಿಸುವುದು) ಬೇಕಾ ಅಂತ ಕೇಳುತ್ತದೆ. ಮೊದಲು ಐಎಸ್‌ಒ ಮೋಡ್, ಬೂಟ್ ಆಗದಿದ್ದರೆ ಡಿಡಿ ಮೋಡ್‌ನಲ್ಲಿ ಮತ್ತೊಮ್ಮೆ ಬರೆಯಿರಿ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಲಿನಕ್ಸ್‌ನಲ್ಲಿ, ಮ್ಯಾಕ್‌ನಲ್ಲಿ ರೂಫಸ್ ಓಡುವುದಿಲ್ಲ, ಅಲ್ಲಿ ಎಚರ್ ಕೈ ಹಿಡಿಯುತ್ತದೆ. ಎಚರ್ ಡೌನ್‌ಲೋಡ್ 100 ಎಂಬಿ ದಾಟುತ್ತದೆ, ಹಾಟ್‌ಸ್ಪಾಟ್‌ನಲ್ಲಿರುವವರಿಗೆ ಅದೂ ಲೆಕ್ಕವೇ. ಡಿಡಿ ಮೋಡ್ ಅಥವಾ ಎಚರ್ ಆದಮೇಲೆ ವಿಂಡೋಸ್ ಆ ಪೆನ್‌ಡ್ರೈವ್ ನೋಡಿ "ಫಾರ್ಮ್ಯಾಟ್ ಮಾಡಬೇಕು" ಅಂತ ಕೇಳಬಹುದು, ಜಾಗ ಕೆಲವೇ ಎಂಬಿ ಅಂತ ತೋರಿಸಬಹುದು. ಡ್ರೈವ್ ಹೋಗಿಲ್ಲ. ಫಾರ್ಮ್ಯಾಟ್ ಒತ್ತಬೇಡಿ, ಹಾಗೇ ತೆಗೆದು ಬೂಟ್ ಮಾಡಿ. ಕೆಲಸ ಮುಗಿದ ಮೇಲೆ ರೂಫಸ್‌ನಲ್ಲೇ ನಾನ್ ಬೂಟಬಲ್ ಆರಿಸಿ ಫಾರ್ಮ್ಯಾಟ್ ಮಾಡಿದರೆ ಜಾಗ ಪೂರ್ತಿ ವಾಪಸ್.

ವೆಂಟಾಯ್ ಬಗ್ಗೆ ಇನ್ನೊಂದು ಮಾತು. ಅದರ ಕೋಡ್ ಜಿಪಿಎಲ್ ಅನ್ನುವ ಮುಕ್ತ ಲೈಸೆನ್ಸ್ ಅಡಿ ತೆರೆದೇ ಇದೆ, ಆದರೆ ಒಳಗೇನಿದೆ ಅಂತ ಸುಲಭವಾಗಿ ಓದಲಾಗದ, ಮೊದಲೇ ತಯಾರಾದ ಬೈನರಿ ಫೈಲ್‌ಗಳೂ ಅದರ ಜೊತೆ ಸೇರಿವೆ ಅಂತ ಬಳಕೆದಾರರು ತಕರಾರು ಎತ್ತಿದ್ದಾರೆ. ಆ ತಕರಾರು ನ್ಯಾಯವಾದದ್ದು. ನಾನು ಅದರ ಅಧಿಕೃತ ತಾಣದಿಂದ ಮಾತ್ರ ಇಳಿಸಿಕೊಳ್ಳುತ್ತೇನೆ, ಮನೆಯವರ ಮಷೀನ್‌ಗಳಿಗೆ ಧೈರ್ಯವಾಗಿ ಬಳಸುತ್ತೇನೆ. ಆಫೀಸ್ ಮಷೀನ್‌ಗಳಿಗಾದರೆ ಮಿಂಟ್ ಒಳಗೇ ಇರುವ ಯುಎಸ್‌ಬಿ ಇಮೇಜ್ ರೈಟರ್ ಬಳಸುತ್ತೇನೆ.

ಇನ್‌ಸ್ಟಾಲ್ ಮಾಡುವ ಮೊದಲು ಪೆನ್‌ಡ್ರೈವ್‌ನಿಂದಲೇ ಮಿಂಟ್ ಓಡಿಸಿ ತಂಗಿಗೆ ತೋರಿಸಿದೆ. ಅವಳ ಮೊದಲ ಪ್ರಶ್ನೆ ಕನ್ನಡ ಟೈಪ್ ಆಗುತ್ತಾ ಅಂತ, ನುಡಿ ಕೀಬೋರ್ಡ್‌ಗೆ ಕೈ ಕೂತವಳು. ಕೀಬೋರ್ಡ್ ಸೆಟಿಂಗ್‌ನಲ್ಲಿ ನುಡಿಗೆ ಹತ್ತಿರವಾದ ಕನ್ನಡ ಕಗಪ ಅನ್ನುವ ವಿನ್ಯಾಸವನ್ನು ಸೇರಿಸಿದೆ. ಒಂದೆರಡು ಕಡೆ ತಡವರಿಸಿದಳು, ಐದು ನಿಮಿಷದಲ್ಲಿ ತನ್ನ ತರಗತಿಯ ಹಾಜರಿ ಪಟ್ಟಿಯ ಹೆಸರುಗಳನ್ನು ಟೈಪ್ ಮಾಡುತ್ತಿದ್ದಳು. ವೈಫೈ, ಸೌಂಡ್, ಪ್ರೊಜೆಕ್ಟರ್ ಎಲ್ಲ ಹೀಗೆ ಮೊದಲೇ ನೋಡಿಕೊಳ್ಳಿ, ಹಾರ್ಡ್‌ಡಿಸ್ಕ್ ಮುಟ್ಟುವ ಮುಂಚೆ. ವಿಂಡೋಸ್ ಉಳಿಸಿಕೊಳ್ಳುವವರು ಬಿಟ್‌ಲಾಕರ್‌ನ (ವಿಂಡೋಸ್ ಡಿಸ್ಕ್‌ಗೆ ಹಾಕುವ ಬೀಗ) 48 ಅಂಕಿಗಳ ರಿಕವರಿ ಕೀ ಕೂಡ ಮೊದಲೇ ಬರೆದಿಟ್ಟುಕೊಳ್ಳಿ, ಬಯೋಸ್‌ನಲ್ಲಿ (ಮಷೀನ್ ಶುರುವಾಗುವಾಗಿನ ಸೆಟಿಂಗ್) ಏನಾದರೂ ಬದಲಿಸಿದರೆ ಅದು ಕೇಳಬಹುದು.

ಆ 32 ಜಿಬಿ ಡ್ರೈವ್ ಈಗ ತುಮಕೂರಿನಲ್ಲೇ ಇದೆ. ಹೋದ ವಾರ ಅವಳು ಫೋನ್ ಮಾಡಿದ್ದಳು. ಸ್ಟಾಫ್ ರೂಮಿನ ಇನ್ನೂ ಹಳೆಯ ಕಂಪ್ಯೂಟರ್‌ಗೆ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಇಳಿಸಿ ಅದೇ ಡ್ರೈವ್‌ಗೆ ಸೇರಿಸಿದ್ದಾಳೆ, ಚೆಕ್‌ಸಮ್ ತಾನೇ ನೋಡಿದ್ದಾಳೆ. ನನ್ನನ್ನು ಕೇಳಿದ್ದು ಒಂದೇ, ಆ ಮಷೀನ್‌ಗೆ ಯಾವ ಕೀ ಒತ್ತಬೇಕು ಅಂತ.